ಸೀಸೆಯ ಮೇಲಿನ ಊರು

ನೀಲಗಿರಿಯ ಕೂನೂರು ಎಂದೊಡನೆ ಬಹುಮಂದಿಯ ಕಣ್ಣೆದುರಿಗೆ ಬರುವುದು ಚಹದ ತೋಟ, ಮುಂಜಾವಿನ ಮಂಜು, ಹಲ್ಲುಕಂಬಿಯ ಪುಟ್ಟ ರೈಲು, ಉಣ್ಣೆಯ ಟೋಪಿ ಹಾಕಿಕೊಂಡು ಕೈಕೈ ಹಿಡಿದು ನಡೆಯುವ ನವದಂಪತಿಗಳು. ನನ್ನ ವಿಷಯ ಹಾಗಲ್ಲ. ಆ ಊರನ್ನು ಕಣ್ಣಾರೆ ಕಾಣುವುದಕ್ಕೆ ಎಪ್ಪತ್ತು ವರ್ಷ ಮೊದಲೇ ಅದು ನನ್ನ ಹೊಟ್ಟೆಯ ಮೇಲೆ ತನ್ನ ಗುರುತು ಮಾಡಿಹೋಗಿತ್ತು. ಒಂದಲ್ಲ, ಹದಿನಾಲ್ಕು ಗುರುತು.

1955ನೆಯ ಇಸವಿಯ ಮಾತು. ನನಗಾಗ ಏಳು ವರ್ಷ. ನಮ್ಮ ಹಳ್ಳಿ ಕೊಳ್ಳೇಗಾಲದ ಸೀಮೆಯದು. ಮನೆಮಾತು ಕನ್ನಡವಾದರೂ ಸರ್ಕಾರ ಮದರಾಸಿನದು. ಕೊಳ್ಳೇಗಾಲ ತಾಲ್ಲೂಕು ಕೊಯಮತ್ತೂರು ಜಿಲ್ಲೆಗೆ ಸೇರಿದ್ದ ಕಾಲ. ಮೈಸೂರಿಗೆ ನಾವು ಸೇರಿದ್ದು ಮರುವರ್ಷದ ನವೆಂಬರ್ 1ರಂದು. ಅಪ್ಪ ಶಾಲೆಯ ಉಪಾಧ್ಯಾಯರು. ಒಂದು ಸಂಜೆ ನಾನೂ ಪಕ್ಕದ ಮನೆಯ ನನ್ನ ಓರಗೆಯ ಹುಡುಗನೂ ಕೆರೆಯ ಏರಿಯ ಮೇಲೆ ಬರುತ್ತಿದ್ದಾಗ, ಜೊಲ್ಲು ಸುರಿಸುತ್ತ ಬಂದ ನಾಯಿಯೊಂದು ನನ್ನ ಎಡಗಾಲಿನ ಮೀನಖಂಡಕ್ಕೆ ಬಾಯಿ ಹಾಕಿತು. ಗೆಳೆಯ ಕೈಯಲ್ಲಿದ್ದ ಕೋಲಿನಿಂದ ಹೊಡೆದು ಓಡಿಸಿದ. ನಾನು ಊರೇ ಕೇಳುವಂತೆ ಅತ್ತೆ.

ಅಜ್ಜಿ ಗಾಯಕ್ಕೆ ಸುಣ್ಣವನ್ನೂ ಮೆಣಸಿನ ಪುಡಿಯನ್ನೂ ಮೆತ್ತಿದಳು. ಮಾರನೆಯ ಬೆಳಗ್ಗೆ ಅಪ್ಪ ಗಾಡಿ ಕಟ್ಟಿಸಿ ನನ್ನನ್ನು ಆಸ್ಪತ್ರೆಗೆ ಕರೆದೊಯ್ದರು. ವೈದ್ಯರು ಮೊದಲು ಆ ಸುಣ್ಣವನ್ನೆಲ್ಲ ಸೋಪಿನ ನೀರಿನಿಂದ ತೊಳೆಸಿದರು. ಆಮೇಲೆ ಅಪ್ಪನಿಗೆ, “ಔಷಧಿ ಕೂನೂರಿನಿಂದ ಬರಬೇಕು ಮೇಷ್ಟ್ರೇ, ತಂತಿ ಕೊಡುತ್ತೇನೆ” ಎಂದರು. ಮೂರನೆಯ ದಿನ ಔಷಧಿ ಬಂತು. ಸಣ್ಣ ಸೀಸೆಗಳು, ಮಜ್ಜಿಗೆಯ ತಿಳಿಯಂತೆ ಕದಡಿದ ನೀರು, ಮೇಲೊಂದು ಚೀಟಿ. ಕಾಂಪೌಂಡರರು ಅದರ ಮೇಲಿನ ಇಂಗ್ಲಿಷ್ ಅಕ್ಷರಗಳನ್ನು ಬೆರಳಿಟ್ಟು ಓದಿದರು: “ಕೂ-ನೂ-ರು.” ನಾನು ಕಲಿತ ಮೊದಲ ಇಂಗ್ಲಿಷ್ ಪದ ಅದು ಎಂದರೆ ತಪ್ಪಾಗಲಾರದು. ಹದಿನಾಲ್ಕು ದಿನ, ದಿನಕ್ಕೊಂದರಂತೆ, ಹೊಕ್ಕುಳಿನ ಸುತ್ತ ಚುಚ್ಚಿದರು. “ಆಯ್ತು ಕಣಪ್ಪ, ಮುಗೀತು” ಎಂದು ಕಾಂಪೌಂಡರರು ಪ್ರತಿ ದಿನವೂ ಹೇಳುತ್ತಿದ್ದರು. ಪ್ರತಿ ದಿನವೂ ಅದು ಸುಳ್ಳಾಗುತ್ತಿತ್ತು.

ಮೊದಲ ಮೂರು ದಿನ ಗೆಳೆಯನೂ ಗಾಡಿ ಸವಾರಿಯ ಆಸೆಗೆ ನಮ್ಮೊಡನೆ ಬಂದಿದ್ದ. ನಾನು ಒಳಗೆ ಕಿರುಚುತ್ತಿದ್ದರೆ ಅವನು ಹೊರಗೆ ಕಿಟಕಿಯ ಕೆಳಗೆ ಕುಳಿತಿರುತ್ತಿದ್ದ. ನಾಲ್ಕನೆಯ ದಿನ ಬರಲಿಲ್ಲ. ಎರಡು ತಿಂಗಳ ಮೇಲೆ, ಒಂದು ಬೆಳಗ್ಗೆ, ಅವನಿಗೆ ನೀರಿನ ಚೊಂಬನ್ನು ಕಂಡರೆ ಗಂಟಲು ಬಿಗಿಯಿತು. ಮೂರನೆಯ ದಿನಕ್ಕೆ ಆ ಮನೆಯಲ್ಲಿ ಅಳುವಿನ ಹೊರತು ಬೇರೆ ಸದ್ದಿರಲಿಲ್ಲ. ಕೋಲು ಹಿಡಿದಿದ್ದ ಮುಂಗೈಯ ಮೇಲೆ ನಾಯಿಯ ಹಲ್ಲು ತಾಗಿದ್ದನ್ನು ಅವನು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ.

ಇಷ್ಟು ಪೀಠಿಕೆ ಬೇಕಾಯಿತು. 2025ರ ಫೆಬ್ರವರಿಯಲ್ಲಿ, ಬಿ.ಎಸ್ಸಿ. ಓದುತ್ತಿರುವ ಮೊಮ್ಮಗಳು, “ತಾತ, ಈ ಸಲ ಎಲ್ಲಿಗಾದರೂ ನೀವು ಹೇಳಿದ ಕಡೆ ಹೋಗೋಣ” ಎಂದಾಗ ನನ್ನ ಬಾಯಿಂದ ಥಟ್ಟನೆ ಕೂನೂರಿನ ಹೆಸರು ಬಂದುದಕ್ಕೆ ಕಾರಣ ಇದು.

ಮೈಸೂರಿನಿಂದ ಬಂಡೀಪುರದ ಮೇಲೆ ಊಟಿಗೆ ಹೋಗಿ ಅಲ್ಲಿಂದ ಇಳಿಯುವುದು ಸುಲಭದ ದಾರಿ. ನಾನು ಹಟ ಹಿಡಿದು ಸುತ್ತು ದಾರಿಯಲ್ಲಿ ಹೊರಡಿಸಿದೆ. ಆ ಸೀಸೆಗಳು ಕೆಳಗಿನಿಂದ ಬಂದಿದ್ದವಲ್ಲ, ನಾನೂ ಕೆಳಗಿನಿಂದಲೇ ಹತ್ತಬೇಕು ಎಂಬ ಮುದುಕನ ಹುಚ್ಚು. ಚಾಮರಾಜನಗರವನ್ನು ದಾಟಿ ಪುಣಜನೂರಿನ ಕಾಡು ಹೊಕ್ಕು ಹಾಸನೂರಿಗೆ ಬಂದರೆ ರಾಜ್ಯ ಬದಲಾದರೂ ಮಾತು ಬದಲಾಗುವುದಿಲ್ಲ. ಚಹದ ಅಂಗಡಿಯಲ್ಲಿ ಅಚ್ಚಗನ್ನಡವೇ. ದಿಂಬಂ ಘಾಟಿನ 27 ತಿರುವುಗಳನ್ನು ಇಳಿದರೆ ಬುಡದಲ್ಲಿ ಬಣ್ಣಾರಿ ಅಮ್ಮನ ಗುಡಿ.

ಬಣ್ಣಾರಿಯಲ್ಲಿ ಕಾರು ನಿಲ್ಲಿಸಿದೆವು. ನಮ್ಮ ಕಡೆಯ ಹೆಂಗಸರು ಹಿಂದೆ ಸಿಡುಬು ಎಂಬ ಶಬ್ದವನ್ನೇ ಆಡುತ್ತಿರಲಿಲ್ಲ. ‘ಅಮ್ಮ ಬಂದಿದ್ದಾಳೆ’ ಎನ್ನುತ್ತಿದ್ದರು. ಆ ಅಮ್ಮ ಈ ಮಾರಿಯಮ್ಮನೇ. ಗುಡಿಯ ಹೊರಗೆ ಅಂಗಿಯ ತೋಳು ಸರಿಸಿ ಮೊಮ್ಮಗಳಿಗೆ ಎಡತೋಳಿನ ಎರಡು ಗುಂಡನೆಯ ಕಲೆಗಳನ್ನು ತೋರಿಸಿದೆ. ನಮ್ಮ ಕಾಲದಲ್ಲಿ ಇದಕ್ಕೆ ‘ದೇವಿ ಹಾಕಿಸುವುದು’ ಎಂದೇ ಹೆಸರು. ಅವಳ ತೋಳಿನಲ್ಲಿ ಆ ಕಲೆ ಇಲ್ಲ. ಇರಬೇಕಾದ ಅಗತ್ಯವೇ ಅವಳು ಹುಟ್ಟುವ ಮೊದಲೇ ಮುಗಿದಿತ್ತು. 1796ರಲ್ಲಿ ಎಡ್ವರ್ಡ್ ಜೆನ್ನರ್ ಎಂಬ ಇಂಗ್ಲಿಷ್ ಹಳ್ಳಿಯ ವೈದ್ಯ ಹಸುವಿನ ಕೆಚ್ಚಲಿನ ಬೊಕ್ಕೆಯಿಂದ ಬಂದ ಕೀವನ್ನು ಹುಡುಗನೊಬ್ಬನ ತೋಳಿಗೆ ತಗುಲಿಸಿ ಹಿಡಿದ ಜಾಡು, ನಮ್ಮ ದೇಶದಲ್ಲಿ 1975ರಲ್ಲಿ ಕೊನೆಯ ಸಿಡುಬು ರೋಗಿಯನ್ನು ಕಂಡು, 1977ರಲ್ಲಿ ಸೊಮಾಲಿಯಾದಲ್ಲಿ ಜಗತ್ತಿನ ಕೊನೆಯ ಸಹಜ ರೋಗಿಯನ್ನು ಕಂಡು ಮುಗಿಯಿತು. 1980ರ ಮೇ 8ರಂದು ಸಿಡುಬು ಭೂಮಿಯ ಮೇಲಿಲ್ಲವೆಂದು ವಿಶ್ವ ಆರೋಗ್ಯ ಸಭೆ ಸಾರಿತು. ಅಮ್ಮನ ಗುಡಿಯಲ್ಲಿ ಜನ ಮಾತ್ರ ಕಡಿಮೆಯಾಗಿಲ್ಲ. ನಾವೂ ಕಾಯಿ ಒಡೆಸಿದೆವು.

ಆ ರಾತ್ರಿ ಮೇಟ್ಟುಪಾಳಯದಲ್ಲಿ ತಂಗಿ, ಬೆಳಗ್ಗೆ ಏಳರ ಸುಮಾರಿಗೆ ಹೊರಡುವ ರೈಲು ಹಿಡಿದೆವು. ಈ ರೈಲಿನ ಬಗೆಗೆ ಬರೆಯದೆ ಬಿಟ್ಟರೆ ಓದುಗರು ಕ್ಷಮಿಸಲಾರರು. 1899ರಲ್ಲಿ ಕೂನೂರಿನವರೆಗೂ, 1908ರಲ್ಲಿ ಊಟಿಯವರೆಗೂ ಈ ಹಾದಿ ತೆರೆಯಿತು. ಒಟ್ಟು ದೂರ 46 ಕಿಲೋಮೀಟರು, ಸುರಂಗಗಳು 16. ಕಲ್ಲಾರು ನಿಲ್ದಾಣ ದಾಟಿದ ಮೇಲೆ ಎರಡು ಕಂಬಿಗಳ ನಡುವೆ ಹಲ್ಲುಗಳುಳ್ಳ ಮತ್ತೊಂದು ಕಂಬಿ. ಅದನ್ನು ಎಂಜಿನ್ನಿನ ಹಲ್ಲುಗಾಲಿ ಕಚ್ಚಿ ಹಿಡಿದು ಹತ್ತುತ್ತದೆ. ಹನ್ನೆರಡು ಅಡಿ ಮುಂದೆ ಹೋದರೆ ಒಂದಡಿ ಮೇಲೇರಬೇಕಾದ ಕಡಿದು. ಉಗಿಯ ಎಂಜಿನ್ನು ಮುಂದಿನಿಂದ ಎಳೆಯುವುದಿಲ್ಲ, ಹಿಂದಿನಿಂದ ನೂಕುತ್ತದೆ. ಹೆಗಲು ಕೊಟ್ಟು ಗಾಡಿಯನ್ನು ದಿಣ್ಣೆ ಹತ್ತಿಸುವ ಆಳಿನಂತೆ ಏದುಸಿರು ಬಿಡುತ್ತದೆ. ಅಡಿಕೆಯ ತೋಟಗಳು ಕೆಳಗುಳಿದವು. ಕಂದಕದ ಆಚೆ ಹಾಲಿನ ಎಳೆಯಂತೆ ನೀರು ಬೀಳುತ್ತಿತ್ತು. ಹಿಲ್‌ಗ್ರೋವ್ ನಿಲ್ದಾಣದಲ್ಲಿ ಎಂಜಿನ್ನು ನೀರು ಕುಡಿಯುವಷ್ಟು ಹೊತ್ತು ನಾವು ಕಾಫಿ ಕುಡಿದೆವು; ಕೋತಿಯೊಂದು ಮೊಮ್ಮಗಳ ವಡೆಯನ್ನು ಕಸಿಯಿತು.

ಈ ಹಾದಿಯಲ್ಲಿ, ಇದೇ ಹಲ್ಲುಕಂಬಿಯ ಮೇಲೆ, ಹುಚ್ಚುನಾಯಿ ಕಚ್ಚಿದ ಜನ ಬರುತ್ತಿದ್ದ ಕಾಲವೊಂದಿತ್ತು. ಅದಕ್ಕೂ ಮೊದಲು ದಕ್ಷಿಣದವರಿಗೆ ಎಲ್ಲಿಗೂ ಹೋಗುವ ದಾರಿ ಇರಲಿಲ್ಲ. ಪ್ಯಾರಿಸಿನಲ್ಲಿ ಲೂಯಿ ಪಾಶ್ಚರ್ ಎಂಬ ರಸಾಯನಶಾಸ್ತ್ರಜ್ಞ 1885ರ ಜುಲೈ 6ರಂದು ಜೋಸೆಫ್ ಮೈಸ್ಟರ್ ಎಂಬ ಒಂಬತ್ತು ವರ್ಷದ ಹುಡುಗನಿಗೆ ಮೊದಲ ಚುಚ್ಚುಮದ್ದು ಕೊಡಿಸಿದ. ಕೊಡಿಸಿದ ಎಂದೆ, ಆತ ವೈದ್ಯನಲ್ಲವಾದ್ದರಿಂದ ಸೂಜಿ ಹಿಡಿದವರು ಬೇರೆ. ಹುಚ್ಚುರೋಗದಿಂದ ಸತ್ತ ಮೊಲದ ಬೆನ್ನುಹುರಿಯನ್ನು ಒಣಹವೆಯ ಸೀಸೆಯಲ್ಲಿ ತೂಗುಹಾಕಿದರೆ ದಿನದಿನಕ್ಕೆ ಅದರ ವಿಷ ಕುಗ್ಗುತ್ತ ಹೋಗುತ್ತದೆ. ಹದಿನೈದು ದಿನ ಒಣಗಿದ್ದರಿಂದ ಮೊದಲುಮಾಡಿ, ದಿನೇ ದಿನೇ ಹೆಚ್ಚು ಹಸಿಯಾದುದನ್ನು ಕೊಡುತ್ತ, ಕೊನೆಗೆ ಪೂರ್ಣ ವಿಷವನ್ನೇ ಕೊಟ್ಟರು. ಹುಡುಗ ಉಳಿದ. ರೋಗಕಾರಕವಾದ ವೈರಸ್ಸನ್ನು ಆತ ಕಂಡಿರಲೇ ಇಲ್ಲ ಎಂಬುದನ್ನು ನೆನೆದರೆ ಮೈ ಜುಮ್ಮೆನ್ನುತ್ತದೆ. ಅಂದಿನ ಸೂಕ್ಷ್ಮದರ್ಶಕಕ್ಕೆ ಅದು ನಿಲುಕುವಂಥದಲ್ಲ. ಮರುವರ್ಷ ರಷ್ಯಾದ ಸ್ಮೊಲೆನ್ಸ್ಕಿನಿಂದ ಹುಚ್ಚು ತೋಳ ಕಚ್ಚಿದ 19 ಮಂದಿ ರೈಲು ಹತ್ತಿ ಪ್ಯಾರಿಸಿಗೆ ಬಂದರು. 16 ಮಂದಿ ಬದುಕಿ ಊರಿಗೆ ಮರಳಿದರು.

ಕಚ್ಚಿದ ಮೇಲೆ ಲಸಿಕೆ ಹಾಕಿದರೆ ಹೇಗೆ ಫಲಿಸೀತು ಎಂದು ಯಾರಿಗಾದರೂ ಅನ್ನಿಸುವುದು ಸಹಜ. ಈ ವೈರಸ್ಸು ರಕ್ತದಲ್ಲಿ ಓಡುವುದಿಲ್ಲ. ಗಾಯದ ಬಳಿ ನರವನ್ನು ಹಿಡಿದು ಮೆಲ್ಲಮೆಲ್ಲನೆ ಮೆದುಳಿನ ಕಡೆಗೆ ತೆವಳುತ್ತದೆ. ಸಾಮಾನ್ಯವಾಗಿ ಎರಡು ಮೂರು ತಿಂಗಳು ಬೇಕು. ಕೆಲವರಲ್ಲಿ ವಾರವೇ ಸಾಕು, ಕೆಲವರಲ್ಲಿ ವರ್ಷವೂ ಆಗಬಹುದು. ಅದು ಮೆದುಳನ್ನು ಮುಟ್ಟುವ ಮೊದಲು ದೇಹ ಎಚ್ಚೆತ್ತರೆ ಗೆದ್ದಂತೆ. ಮುಟ್ಟಿ, ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕಿದವರನ್ನು ಬೆರಳಲ್ಲಿ ಎಣಿಸಬಹುದು. ಆ ಎರಡು ತಿಂಗಳು ನನ್ನ ಗೆಳೆಯನಿಗೂ ಇತ್ತು.

ನಮ್ಮ ದೇಶದಲ್ಲಿ ಈ ಚಿಕಿತ್ಸೆಯ ಮೊದಲ ನೆಲೆ 1900ರಲ್ಲಿ ಉತ್ತರದ ಕಸೌಲಿಯಲ್ಲಾಯಿತು. ದಕ್ಷಿಣದಲ್ಲಿ 1902ರಲ್ಲಿ ಲಿಲಿ ಪೇಕನ್‌ಹ್ಯಾಂ ವಾಲ್ಶ್ ಎಂಬ ಇಂಗ್ಲಿಷ್ ತರುಣಿ ಚಿಕಿತ್ಸೆ ದೊರೆಯದೆ ಇದೇ ರೋಗದಿಂದ ತೀರಿಕೊಂಡಳು. ಅಷ್ಟರಲ್ಲಿ ಹೆನ್ರಿ ಫಿಪ್ಸ್ ಎಂಬ ಅಮೆರಿಕದ ಧನಿಕ ವೈಸರಾಯ್ ಕರ್ಜನ್ ಅವರ ಕೈಗೆ ಒಂದು ಲಕ್ಷ ರೂಪಾಯಿ ಒಪ್ಪಿಸಿದ್ದ. ಆ ಹಣ ಕೂನೂರಿಗೆ ಬಂತು. 1907ರ ಏಪ್ರಿಲ್ 6ರಂದು ದಕ್ಷಿಣ ಭಾರತದ ಪಾಶ್ಚರ್ ಸಂಸ್ಥೆ ಕೆಲಸ ಆರಂಭಿಸಿತು. ಹೆಸರಿಲ್ಲದ ಎಷ್ಟು ಹಳ್ಳಿಯ ಮಕ್ಕಳು ಅದಕ್ಕೆ ಮುಂಚೆ ನೀರು ಕಂಡು ನಡುಗಿ ಸತ್ತಿದ್ದರೋ. ಸರ್ಕಾರದ ಕಣ್ಣು ತೆರೆದದ್ದು ಒಬ್ಬ ಬಿಳಿಯ ಹೆಣ್ಣುಮಗಳ ಸಾವಿನಿಂದ. ಆದರೂ ತೆರೆಯಿತಲ್ಲ, ಅದರ ಫಲವನ್ನು ಉಂಡವನು ನಾನೂ ಒಬ್ಬ.

ಹತ್ತೂವರೆಯ ಸುಮಾರಿಗೆ ಕೂನೂರು ಬಂತು. ಬಿಸಿಲಿತ್ತು, ಆದರೆ ಬಿಸಿಲಿನಲ್ಲಿ ಕಾವಿರಲಿಲ್ಲ. ನಿಲ್ದಾಣದ ಬಳಿ ಇಕ್ಕಟ್ಟಾದ ಪೇಟೆ, ಬಸ್ಸುಗಳ ಗದ್ದಲ. ಮೇಲಿನ ಕೂನೂರಿಗೆ ಏರಿದಂತೆ ಗದ್ದಲ ಕರಗಿ ಬೇಲಿಯ ಹೂಗಳು, ಹಳೆಯ ಬಂಗಲೆಗಳು. ಸಿಮ್ಸ್ ಪಾರ್ಕಿನ ಬಳಿ ಚಹ ಕುಡಿಯಲು ನಿಂತಾಗ ಬಿಳಿಯ ಮುಂಡಾಸಿನ ಬಡಗ ಹಿರಿಯರೊಬ್ಬರು ನಮ್ಮ ಕನ್ನಡ ಕೇಳಿ ಹತ್ತಿರ ಬಂದರು. ಬಡಗ ಎಂದರೆ ಉತ್ತರದವನು. ಅವರ ಹಿರಿಯರು ಮೈಸೂರಿನ ಕಡೆಯಿಂದ ಬೆಟ್ಟ ಹತ್ತಿದವರೆಂಬ ಪ್ರತೀತಿ ಇದೆ. ಅವರು ಬಡಗ ನುಡಿಯಲ್ಲಿ ಹೇಳಿದುದು ಮುಕ್ಕಾಲು ಪಾಲು ನನಗೆ ತಿಳಿಯಿತು, ನಾನು ಹೇಳಿದುದು ಅವರಿಗೆ ಪೂರ್ತಿ ತಿಳಿಯಿತು. ನಾನು ಬಂದ ಕಾರಣ ಹೇಳಿದೆ. ಅವರು ನಗಲಿಲ್ಲ. ತಮ್ಮ ಅಜ್ಜಿಯ ಕಾಲದಲ್ಲಿ ಕೆಳನಾಡಿನ ಜನ ಮಕ್ಕಳನ್ನು ಹೊತ್ತುಕೊಂಡು ಬಂದು ಎರಡು ವಾರ ಊರಲ್ಲಿ ಉಳಿಯುತ್ತಿದ್ದರಂತೆ. ಮೈಮೇಲೆ ಒಂದು ಪಂಚೆಯ ಹೊರತು ಇರುತ್ತಿರಲಿಲ್ಲವಂತೆ, ಚಳಿಗೆ ಗಡಗಡ ನಡುಗುತ್ತಿದ್ದರಂತೆ. ಅಜ್ಜಿ ಅಂಥವರಿಗೆ ಕೀರೆಯ ಸಾರು ಕೊಟ್ಟದ್ದುಂಟಂತೆ.

ಹಾಗೆ ಬೆಟ್ಟ ಹತ್ತುವುದನ್ನು ತಪ್ಪಿಸಿದವರು ಕಸೌಲಿಯ ಡೇವಿಡ್ ಸೆಂಪಲ್. 1911ರಲ್ಲಿ ಅವರು ಕುರಿಯ ಮೆದುಳಿನಲ್ಲಿ ವೈರಸ್ಸನ್ನು ಬೆಳೆಸಿ, ಕಾರ್ಬಾಲಿಕ್ ಆಮ್ಲದಿಂದ ಅದನ್ನು ಕೊಂದು, ಅರೆದು ಲಸಿಕೆ ಮಾಡಿದರು. ಸತ್ತ ವೈರಸ್ಸಾದ್ದರಿಂದ ಸೀಸೆಯಲ್ಲಿ ತುಂಬಿ ಊರೂರಿಗೆ ಕಳಿಸಬಹುದಾಯಿತು. ರೋಗಿ ಮದ್ದಿನ ಬಳಿಗೆ ಹೋಗುವ ಬದಲು ಮದ್ದೇ ರೋಗಿಯ ಬಳಿಗೆ ಬಂತು. ಕೊಳ್ಳೇಗಾಲದ ಹುಡುಗನೊಬ್ಬನ ಹೊಟ್ಟೆಗೆ ಕೂನೂರು ಬಂದುದು ಹೀಗೆ.

ಪಾರ್ಕಿನ ಎದುರಿಗೇ ಸಂಸ್ಥೆ. ಗೇಟಿನ ಮೇಲೆ ಹೆಸರು, ಒಳಗೆ ಎತ್ತರದ ಮರಗಳು. ಪ್ರವಾಸಿಗರು ನೋಡುವ ಜಾಗವಲ್ಲ ಅದು. ಕ್ಯಾಮೆರಾ ಹಿಡಿದವರೆಲ್ಲ ಅದಕ್ಕೆ ಬೆನ್ನು ಮಾಡಿ ಪಾರ್ಕಿನ ಒಳಗೆ ಹೋಗುತ್ತಿದ್ದರು. ಕಾವಲುಗಾರ, “ಯಾರನ್ನು ನೋಡಬೇಕು?” ಎಂದು ತಮಿಳಿನಲ್ಲಿ ಕೇಳಿದ. ಯಾರನ್ನೂ ಇಲ್ಲ ಎಂದೆ. ಅವನು ಒಮ್ಮೆ ನನ್ನ ಊರುಗೋಲನ್ನೂ ಒಮ್ಮೆ ಮೊಮ್ಮಗಳನ್ನೂ ನೋಡಿ ಸುಮ್ಮನಾದ. ಗೇಟಿನ ಈಚೆಗೆ ಸ್ವಲ್ಪ ಹೊತ್ತು ನಿಂತಿದ್ದೆವು.

ಇಲ್ಲಿ ತಯಾರಾದುದು ಹುಚ್ಚುನಾಯಿ ಕಡಿತದ ಲಸಿಕೆ ಒಂದೇ ಅಲ್ಲ. ಬಾಯಿಗೆ ಹನಿಸುವ ಪೋಲಿಯೋ ಲಸಿಕೆಯನ್ನೂ ಕೆಲವು ಕಾಲ ಇಲ್ಲಿ ಮಾಡಿದ್ದರು. ಪಾಲಿಶ್ ಮಾಡಿದ ಅಕ್ಕಿಯನ್ನೇ ತಿಂದು ಬೆರಿಬೆರಿ ತಂದುಕೊಳ್ಳಬೇಡಿರೆಂದು ನಮಗೆ ಬುದ್ಧಿ ಹೇಳಿದ ರಾಬರ್ಟ್ ಮೆಕ್ಯಾರಿಸನ್ ಅವರ ಆಹಾರ ಸಂಶೋಧನೆಯೂ ಈ ಸಂಸ್ಥೆಯಲ್ಲಿಯೇ ಮೊಳೆಯಿತು. ಆ ಪ್ರಯೋಗಶಾಲೆ 1958ರಲ್ಲಿ ಹೈದರಾಬಾದಿಗೆ ಹೋಯಿತು. 2008ರಲ್ಲಿ ತಯಾರಿಕೆಯ ಕಟ್ಟಳೆಗಳು ಪಾಲನೆಯಾಗುತ್ತಿಲ್ಲವೆಂದು ಸರ್ಕಾರವೇ ತನ್ನ ಮೂರು ಹಳೆಯ ಲಸಿಕಾ ಸಂಸ್ಥೆಗಳ ಪರವಾನಗಿಯನ್ನು ತಡೆಹಿಡಿಯಿತು. ಅವುಗಳಲ್ಲಿ ಕೂನೂರಿನದೂ ಒಂದು. 2010ರಲ್ಲಿ ಆ ತಡೆ ತೆರವಾಯಿತು. ಆ ಎರಡು ವರ್ಷ ಪತ್ರಿಕೆಗಳಲ್ಲಿ ಈ ಊರಿನ ಹೆಸರು ಕಂಡಾಗಲೆಲ್ಲ ಮನೆಯ ಹಿರಿಯರ ಕಾಯಿಲೆಯ ಸುದ್ದಿ ಕೇಳಿದಂತಾಗುತ್ತಿತ್ತು.

ಪಾರ್ಕಿನ ಬೆಂಚಿನ ಮೇಲೆ ಕುಳಿತಾಗ ಮೊಮ್ಮಗಳು, “ಕುರಿಯ ಮೆದುಳೇ ಏಕೆ ತಾತ?” ಎಂದಳು. ಉತ್ತರ ನನಗಿಂತ ಅವಳಿಗೇ ಚೆನ್ನಾಗಿ ಗೊತ್ತಿತ್ತು. ವೈರಸ್ಸು ಬೂಸ್ಟಿನಂತೆ ಎಲ್ಲೆಂದರಲ್ಲಿ ಬೆಳೆಯುವುದಿಲ್ಲ. ಅದಕ್ಕೆ ಜೀವಂತ ಕೋಶವೇ ಬೇಕು. ಆದ್ದರಿಂದ ಮೊದಲಿನವರು ಮೊಲ, ಕುರಿ, ಕೋಳಿಮೊಟ್ಟೆಗಳನ್ನೇ ಹೊಲ ಮಾಡಿಕೊಂಡರು. ಕುರಿಯ ಮೆದುಳಿನ ತೊಂದರೆ ಏನೆಂದರೆ, ನರಗಳ ಮೇಲಿನ ಪೊರೆಯೂ ಲಸಿಕೆಯಲ್ಲಿ ಸೇರಿ, ಕೆಲವರಲ್ಲಿ ದೇಹ ತನ್ನ ನರಗಳ ಮೇಲೆಯೇ ತಿರುಗಿಬಿದ್ದು ಲಕ್ವ ಹೊಡೆಯುತ್ತಿತ್ತು. 1955ರಲ್ಲಿ ವೈದ್ಯರು ಇದನ್ನು ಅಪ್ಪನಿಗೆ ತಿಳಿಸಿದ್ದರಂತೆ. ಅಪ್ಪ ರಾತ್ರಿಯೆಲ್ಲ ಜಗಲಿಯ ಮೇಲೆ ಕುಳಿತಿದ್ದು ಬೆಳಗ್ಗೆ ಗಾಡಿ ಕಟ್ಟಿಸಿದರೆಂದು ಅವ್ವ ಬಹಳ ವರ್ಷಗಳ ಮೇಲೆ ಹೇಳಿದಳು.

ವಿಚಿತ್ರವೆಂದರೆ, 1949ರಲ್ಲಿಯೇ ಅಮೆರಿಕದಲ್ಲಿ ಜಾನ್ ಎಂಡರ್ಸ್ ಮತ್ತು ಸಂಗಡಿಗರು ಪೋಲಿಯೋ ವೈರಸ್ಸನ್ನು ಪ್ರಾಣಿಯೊಳಗಲ್ಲ, ಗಾಜಿನ ನಳಿಗೆಯ ಜೀವಕೋಶಗಳಲ್ಲಿ ಬೆಳೆಸಿದ್ದರು. ನಾಯಿ ನನ್ನನ್ನು ಕಚ್ಚಿದ ಅದೇ 1955ರ ಏಪ್ರಿಲಿನಲ್ಲಿ ಸಾಲ್ಕರ ಪೋಲಿಯೋ ಲಸಿಕೆಯ ಸುದ್ದಿ ಕೇಳಿ ಅಲ್ಲಿ ಚರ್ಚಿನ ಗಂಟೆಗಳನ್ನು ಬಾರಿಸಿದರಂತೆ. 1962ರಲ್ಲಿ ಜಪಾನಿನವರು ಆಫ್ರಿಕದ ಹಸಿರು ಕೋತಿಯ ಮೂತ್ರಪಿಂಡದಿಂದ ‘ವೀರೋ’ ಎಂಬ ಕೋಶಗಳ ಸಂತತಿಯನ್ನು ಬೆಳೆಸಿದರು. ಎಸ್ಪೆರಾಂಟೊ ಭಾಷೆಯಲ್ಲಿ ಆ ಪದಕ್ಕೆ ಸತ್ಯ ಎಂದೂ ಅರ್ಥವಂತೆ. ಮನುಷ್ಯನ ಕೋಶಗಳಲ್ಲಿ ಬೆಳೆಸಿದ ಹೊಸ ಲಸಿಕೆಯನ್ನು ಇರಾನಿನಲ್ಲಿ ಹುಚ್ಚು ತೋಳ, ನಾಯಿಗಳು ಕಚ್ಚಿದ 45 ಮಂದಿಗೆ ಕೊಟ್ಟುದರ ವರದಿ 1976ರಲ್ಲಿ ಬಂತು. 45 ಮಂದಿಯೂ ಬದುಕಿದ್ದರು. ಮೆದುಳಿನ ಸೋಂಕಿಲ್ಲ, ಹೊಟ್ಟೆಗೆ ಚುಚ್ಚಬೇಕಿಲ್ಲ, ತೋಳಿಗೆ ನಾಲ್ಕೈದು ಸಲ ಕೊಟ್ಟರೆ ಸಾಕು.

ಆದರೆ ನಮ್ಮ ದೇಶದಲ್ಲಿ ಕುರಿಯ ಮೆದುಳಿನ ಲಸಿಕೆಯ ತಯಾರಿಕೆ ನಿಂತುದು ಯಾವಾಗ? 2004ರ ಕೊನೆಗೆ. ಅಷ್ಟು ವರ್ಷ ಕಾಸಿದ್ದವರು ಅಂಗಡಿಯಿಂದ ಹೊಸ ಲಸಿಕೆ ಕೊಂಡು ತೋಳಿಗೆ ಹಾಕಿಸಿಕೊಂಡರು. ಇಲ್ಲದವರ ಮಕ್ಕಳು ಧರ್ಮಾಸ್ಪತ್ರೆಯ ಸಾಲಿನಲ್ಲಿ ಹೊಟ್ಟೆ ತೋರಿಸಿ ನಿಂತರು. ವಿಜ್ಞಾನ ತಡಮಾಡಲಿಲ್ಲ, ತಡವಾದುದು ಬೆಲೆಯಿಂದ. ಮುಂದೆ ಕೂನೂರಿನಲ್ಲಿಯೂ ವೀರೋ ಕೋಶಗಳ ಲಸಿಕೆ ತಯಾರಾಯಿತು. ಒಂದು ಸೀಸೆಯನ್ನು ಹಲವರಿಗೆ ಹಂಚಿ ಚರ್ಮದ ಪದರದೊಳಗೆ ಸ್ವಲ್ಪಸ್ವಲ್ಪವೇ ಕೊಡುವ ವಿಧಾನಕ್ಕೆ 2006ರಲ್ಲಿ ನಮ್ಮಲ್ಲಿ ಒಪ್ಪಿಗೆ ದೊರೆತ ಮೇಲೆ ಬಡವರಿಗೂ ಅದು ನಿಲುಕುವಂತಾಯಿತು.

ಲಸಿಕೆಗಳು 1974ರಿಂದ ಐವತ್ತು ವರ್ಷಗಳಲ್ಲಿ ಹದಿನೈದು ಕೋಟಿಗೂ ಮೀರಿ ಜೀವ ಉಳಿಸಿವೆಯೆಂದು ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕ ಹಾಕಿದೆ. ಅದರಲ್ಲಿ ದೊಡ್ಡ ಪಾಲು ದಡಾರದ ಲಸಿಕೆಯದು. ಸಹಜ ಪೋಲಿಯೋ ವೈರಸ್ಸಿನಿಂದ ಬರುವ ರೋಗ ನಮ್ಮ ದೇಶದಲ್ಲಿ 2011ರ ಜನವರಿಯ ಆಚೆಗೆ ಕಾಣಿಸಿಕೊಂಡಿಲ್ಲ. ಆದರೆ ಎಲ್ಲಕ್ಕಿಂತ ಮೊದಲೇ ಮದ್ದು ದೊರೆತ ರೋಗಗಳಲ್ಲಿ ಒಂದಾದ ಹುಚ್ಚುನಾಯಿ ರೋಗದಿಂದ ಇಂದಿಗೂ ವರ್ಷಕ್ಕೆ ಸುಮಾರು 59,000 ಮಂದಿ ಸಾಯುತ್ತಾರೆಂಬುದು ಅದೇ ಸಂಸ್ಥೆಯ ಅಂದಾಜು. ಸತ್ತವರಲ್ಲಿ ಹತ್ತರಲ್ಲಿ ನಾಲ್ವರು ಹದಿನೈದು ತುಂಬದ ಮಕ್ಕಳು. ಗಾಯವನ್ನು ಸೋಪು ನೀರಿನಿಂದ ಹದಿನೈದು ನಿಮಿಷ ತೊಳೆದು ಕೂಡಲೇ ಆಸ್ಪತ್ರೆಗೆ ಹೋದರೆ ತಪ್ಪಿಸಬಹುದಾದ ಸಾವುಗಳಿವು. ಮಕ್ಕಳು ಹೇಳುವುದಿಲ್ಲ. ಗೀರು ಸಣ್ಣದು, ಬೈಗುಳ ದೊಡ್ಡದು, ಸೂಜಿ ಅದಕ್ಕಿಂತ ದೊಡ್ಡದು.

“ಆ ಹುಡುಗನಿಗೆ ಹಲ್ಲು ತಾಗಿದ್ದು ನಿಮಗೆ ಗೊತ್ತಿತ್ತಾ ತಾತ?” ಎಂದು ಮೊಮ್ಮಗಳು ಕೇಳಿದಳು.

ಎಪ್ಪತ್ತು ವರ್ಷದ ಹಿಂದೆ ಅವನ ತಾಯಿಯೂ ನನ್ನ ಭುಜ ಹಿಡಿದು ಇದನ್ನೇ ಕೇಳಿದ್ದರು. ಅಂದು ಗೊತ್ತಿರಲಿಲ್ಲ ಎಂದಿದ್ದೆ. ಗೊತ್ತಿತ್ತು. ಮೂರನೆಯ ದಿನ ಗಾಡಿಯಲ್ಲಿ ಹಿಂದಿರುಗುವಾಗ ಅವನು ಮುಂಗೈ ತೋರಿಸಿದ್ದ. ಎರಡು ಚುಕ್ಕೆ, ಆಗಲೇ ಒಣಗಿದ್ದವು. “ನೀನು ಅತ್ತಂಗೆ ನಂಗೆ ಆಗಾಕಿಲ್ಲ ಕಣೊ, ಯಾರ್ಗೂ ಯೋಳ್ಬ್ಯಾಡ” ಎಂದಿದ್ದ. ನಾನು ಹೇಳಲಿಲ್ಲ. ಮೊಮ್ಮಗಳಿಗೆ ಇಷ್ಟನ್ನು ಹೇಳಿದೆ. ಅವಳು ಏನೂ ಅನ್ನಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ನನ್ನ ಶಾಲನ್ನು ಸರಿಪಡಿಸಿದಳು.

ಮಧ್ಯಾಹ್ನ ಹಿಂದಿರುಗುವಾಗ ಮತ್ತೆ ಆ ಗೇಟಿನ ಮುಂದೆಯೇ ಬಂದೆವು. ರಸ್ತೆಯ ಅಂಚಿನ ಬಿಸಿಲಿನಲ್ಲಿ ಕಂದು ಬಣ್ಣದ ಬೀದಿನಾಯಿಯೊಂದು ಕಾಲು ಚಾಚಿ ಮಲಗಿತ್ತು. ನಾನು ಎಂದಿನಂತೆ ಊರುಗೋಲನ್ನು ಮುಂದಕ್ಕೆ ಹಿಡಿದು ಮೊಮ್ಮಗಳ ಕೈ ಎಳೆದೆ. ಅವಳು, “ಹೆದರಬೇಡಿ, ಅದರ ಕಿವಿ ನೋಡಿ” ಎಂದಳು. ಒಂದು ಕಿವಿಯ ತುದಿಯನ್ನು ಸಣ್ಣದಾಗಿ ಕತ್ತರಿಸಿತ್ತು. ಸಂತಾನಹರಣ ಮಾಡಿ, ಲಸಿಕೆಯನ್ನೂ ಹಾಕಿ ಬಿಟ್ಟ ನಾಯಿಗೆ ಆ ಗುರುತಂತೆ. ಒಂದು ಊರಿನ ನಾಯಿಗಳಲ್ಲಿ ನೂರಕ್ಕೆ ಎಪ್ಪತ್ತಕ್ಕೆ ಲಸಿಕೆ ಬಿದ್ದರೆ ರೋಗದ ಸರಪಳಿ ಅಲ್ಲಿಗೇ ತುಂಡಾಗುತ್ತದಂತೆ. ನಾಯಿ ಒಂದು ಕಣ್ಣು ತೆರೆದು ನಮ್ಮನ್ನು ನೋಡಿ, ಮತ್ತೆ ಮುಚ್ಚಿಕೊಂಡಿತು. ನಾವು ಅದನ್ನು ಬಳಸಿಕೊಂಡು ನಿಲ್ದಾಣದ ಕಡೆಗೆ ಇಳಿದೆವು.